ಓಡೂ (Odoo) ಸಾಫ್ಟ್‌ವೇರ್‌ದಾಗ ಹಳೇ ಲಾಟ್ ಮ್ಯಾಲ ಬರೂ ಹಂಗ ಮಾಡ್ಕೊಂಡ್ವಿ

ವಿಜಯಪುರದಾಗ ನಮ್ದು ಮಣೂಕದ (ಒಣದ್ರಾಕ್ಷಿ) ವ್ಯಾಪಾರ ಐತ್ರಿ, ತಿಕೋಟಾ ಕಡಿ ರೈತರ ಮಾಲು ತಗೊಂಡು ಕೋಲ್ಡ್ ಸ್ಟೋರೇಜ್‌ನ್ಯಾಗ ಇಟ್ಟು ವರ್ಷಪೂರ್ತಿ ಮಾರ್ತೀವಿ. ಸ್ಟಾಕ್ ಲೆಕ್ಕಕ್ಕ ಓಡೂ ಅನ್ನೂ ಸಾಫ್ಟ್‌ವೇರ್‌ದ ಕಮ್ಯುನಿಟಿ ವರ್ಷನ್ ಹಾಕೊಂಡೀವಿ, ಓಪನ್ ಸೋರ್ಸ್, ಲೈಸೆನ್ಸ್ ರೊಕ್ಕ ಇಲ್ಲ. ಇಡೀ ಸಾಫ್ಟ್‌ವೇರ್ ಬಗ್ಗೆ ಬರ್ಯಾಕತ್ತಿಲ್ಲ, ಲಿಸ್ಟ್ ಸಾರ್ಟ್ ಮಾಡೂದರ, ಅಂದ್ರ ಸಾಲಾಗಿ ಜೋಡಿಸೂದರ ಬಗ್ಗೆ ಅಷ್ಟ, ನಮಗ ಅದರಿಂದನ ಭಾಳ ಉಪಯೋಗ ಆಗೈತಿ.

ಮೊದ್ಲ ಬ್ಯಾರೆ ಒಂದು ಸಾಫ್ಟ್‌ವೇರ್ ಇತ್ತು, ಹೆಸರು ಬ್ಯಾಡ. ಅದರಾಗ ಯಾವಾಗ್ಲೂ ಹೊಸಾ ಎಂಟ್ರಿನ ಮ್ಯಾಲ, ಬದಲಿ ಮಾಡಾಕ ದಾರಿನ ಇಲ್ಲ. ಗಿರಾಕಿ ಫೋನ್ ಬಂತಂದ್ರ ಹುಡುಗ್ರು ಸ್ಕ್ರೀನ್‌ನ್ಯಾಗ ಮೊದ್ಲ ಕಂಡ ಲಾಟ್ (ಒಮ್ಮೆಲೆ ಬಂದ ಮಾಲಿನ ಗುಂಪು) ಬರ್ದು ಗಾಡಿಗೆ ಹಾಕಿ ಕಳಸ್ತಿದ್ರು. ಒಂದಿನ ಸ್ಟೋರೇಜ್‌ದ ಮೂಲ್ಯಾಗ 40 ಬಾಕ್ಸ್ ಸಿಕ್ಕುವು, ತಗದು ನೋಡಿದ್ರ ಹಸರಾಗಿ ಮಿಂಚ್ತಿದ್ದ ಮಾಲು ಕಂದ ಬಣ್ಣಕ್ಕ ತಿರಗಿ ಕುಂತಿತ್ತು. ಮಣೂಕದ್ದು ಬಣ್ಣ ಹೋತಂದ್ರ ರೇಟೂ ಹೋತ್ರಿ, ಅವತ್ತು ರಾತ್ರಿ ಊಟ ಸೇರ್ಲಿಲ್ಲ ನನಗ.

ಓಡೂದಾಗ ಕಾಲಂ ಹೆಸರಿನ ಮ್ಯಾಲ ಒಮ್ಮೆ ಒತ್ತಿದ್ರ ಏರಿಕೆ, ಇನ್ನೊಮ್ಮೆ ಒತ್ತಿದ್ರ ಇಳಿಕೆ. ಎರಡು ಕಾಲಂ ಕೂಡೇ ಬೇಕಂದ್ರ ಉಲ್ಟಾ ಒತ್ತಬೇಕು, ಇದು ತಿಳ್ಯಾಕ ನನಗ ಟೈಮ್ ಹಿಡೀತು. ನಾವು ಗ್ರೇಡ್‌ಗೊಂದು ಪ್ರಾಡಕ್ಟ್ ಮಾಡೀವಿ, ಗ್ರೇಡ್ ಪ್ರಕಾರ ಇರ್ಬೇಕು ಒಳಗ ಹಳೇ ತಾರೀಖು ಮೊದ್ಲ ಬರ್ಬೇಕು ಅಂದ್ರ ಮೊದ್ಲ ತಾರೀಖು ಒತ್ತಿ ಆಮ್ಯಾಲ ಪ್ರಾಡಕ್ಟ್ ಒತ್ತೂದು, ಕಡೀಗೆ ಒತ್ತಿದ್ದ ಮುಖ್ಯ ಆಗ್ತೈತಿ. ಅದನ್ನ ಫೇವರಿಟ್‌ನ್ಯಾಗ ಸೇವ್ ಮಾಡಿ ಡಿಫಾಲ್ಟ್ ಅಂತ ಟಿಕ್ ಹಾಕಿದ್ರ ಸಾರ್ಟ್ ಸಮೇತ ಉಳೀತೈತಿ, ಮರುದಿನ ತಗದ್ರೂ ಹಂಗ ಬರ್ತೈತಿ. ಎಲ್ಲರಿಗೂ ಒಂದ ನಮೂನಿ ಬೇಕಂದ್ರ ಡೆವಲಪರ್ ಮೋಡ್ (ಒಳಗಿನ ಸೆಟ್ಟಿಂಗ್ ತೋರ್ಸೂದು) ಆನ್ ಮಾಡಿ ಲಿಸ್ಟ್ ವ್ಯೂದಾಗ, ಅಂದ್ರ ಲಿಸ್ಟ್ ಹೆಂಗ ಕಾಣಬೇಕು ಅಂತ ಬರ್ದಿರೂ ಕೋಡ್‌ದಾಗ, ಡಿಫಾಲ್ಟ್ ಆರ್ಡರ್ (default_order) ಅಂತ ಒಂದು ಮಾತು ಸೇರಿಸಿದ್ರ ಮುಗೀತು. ಆದ್ರ ಮೂಲ ವ್ಯೂ ಮುಟ್ಟಬ್ಯಾಡ್ರಿ, ಅದರ ಮ್ಯಾಲ ಬ್ಯಾರೆ ವ್ಯೂ ಮಾಡ್ರಿ, ಇಲ್ಲಂದ್ರ ಅಪ್‌ಡೇಟ್ ಆದಾಗ ಅಳಸಿ ಹೋಗ್ತೈತಿ. ಓಡೂದ್ದ ಸ್ಟುಡಿಯೋ ಅನ್ನೂ ಟೂಲ್‌ದಾಗ ಇದ ಕೆಲ್ಸ ಕೋಡ್ ಇಲ್ದ ಆಗ್ತೈತಿ, ಅದು ರೊಕ್ಕದ ವರ್ಷನ್‌ನ್ಯಾಗಷ್ಟ.

ಒಂದು ಮುಖ್ಯ ಮಾತು. ಲಾಟ್ ನಂಬರ್ ಸಾಫ್ಟ್‌ವೇರ್‌ಗೆ ಅಂಕಿ ಅಲ್ಲ, ಅಕ್ಷರ. ಅದಕ್ಕ 1 ಆದ್ಮ್ಯಾಲ 10, 11, ಆಮ್ಯಾಲ 2 ಬರ್ತೈತಿ. ನಾವು 001, 002 ಅಂತ ಬರ್ಯಾಕ ಹತ್ತಿದ್ಮ್ಯಾಲ ಸರಿ ಆತು. ಹಂಗ, ಮಾಲು ಬಂದು ಎಷ್ಟ ದಿನ ಆತು ಅಂತ ಆಗಿಂದಾಗ ಲೆಕ್ಕ ಹಾಕಿ ತೋರ್ಸೂ ಕಾಲಂ ಇದ್ರ, ಅದು ಡೇಟಾಬೇಸ್‌ನ್ಯಾಗ ಉಳ್ಯಾಂಗಿಲ್ಲಂದ್ರ ಅದರ ಮ್ಯಾಲ ಸಾರ್ಟ್ ಆಗೂದಿಲ್ಲ, ತಾರೀಖಿನ ಮ್ಯಾಲನ ಮಾಡ್ಬೇಕು.

ನನ್ನ ಕಡಿಂದ 5ಕ್ಕ 4. ಈಗ ಹುಡುಗ್ರು ಮ್ಯಾಲಿಂದ ಹಿಡದು ಕಳಸ್ತಾರ, ಮೂಲ್ಯಾಗ ಏನೂ ಉಳ್ಯಾಕತ್ತಿಲ್ಲ. ಊರ ಹೆಸರಿಂದು ಅಷ್ಟ ಬಾಕಿ ಐತಿ, ತಿಕೋಟಾ ಅಂತ ಒಬ್ರು ಕನ್ನಡದಾಗ ಒಬ್ರು ಇಂಗ್ಲಿಷ್‌ನ್ಯಾಗ ಹಾಕಿ ಒಂದ ಊರು ಎರಡ ಕಡಿ ಕುಂದರತೈತಿ, ಒಬ್ಬ ಹುಡುಗ ದಿನಾ ಸಂಜಿಕ ಕುಂತು ತಿದ್ದಾಕತ್ತಾನ, ಇನ್ನ ಅರ್ಧ ಉಳದಾವ.