ನೀಲಿ ಡೇರೆ ಗಡ್ಡೆ ಅಂತ ವಾಟ್ಸಾಪ್‌ನಲ್ಲಿ ಮಾರುವವರಿಗೆ ದುಡ್ಡು ಹಾಕಬೇಡಿ

ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಮೂಡಿಗೆರೆ ಕಡೆ ಹೂವಿನ ಹುಚ್ಚು ಇರುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ವಾಟ್ಸಾಪ್‌ನಲ್ಲಿ ಡೇರೆ (ಡೇಲಿಯಾ) ಹೂವಿನ ಗಡ್ಡೆ ಮಾರುವ ಒಬ್ಬರು ನನ್ನಿಂದ 2,400 ರೂಪಾಯಿ ತೆಗೆದುಕೊಂಡು ಮೋಸ ಮಾಡಿದ್ದಾರೆ. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಕೇಳಿದಾಗ ಆ ಮನುಷ್ಯ ಕೊಟ್ಟ ಉತ್ತರಗಳಿವೆಯಲ್ಲ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಇನ್ನು ಸ್ವಲ್ಪ ದಿನಕ್ಕೆ ಡೇರೆ ಒಣಗಿ ಗಡ್ಡೆ ಕೀಳುವ ಕಾಲ ಬರುತ್ತದೆ. ಅದರ ಹಿಂದೆಯೇ ಇವರ ಫೋಟೋಗಳೂ ಬರುತ್ತವೆ. ಅದಕ್ಕೇ ಈಗಲೇ ಬರೀತಿದ್ದೀನಿ.

ಯುಗಾದಿ ಕಳೆದ ಮೇಲೆ ಗಿಡ ಕೊಡು-ಕೊಳ್ಳುವ ಒಂದು ಗ್ರೂಪಿನಲ್ಲಿ ಫೋಟೋ ಬಂತು. ಎರಡು ಅಂಗೈ ಸೇರಿಸಿದರೂ ಸಾಲದಷ್ಟು ಅಗಲದ ಡೇರೆ. ಬಣ್ಣ ನೀಲಿ. ನೇರಳೆ ಅಲ್ಲ, ಶಂಖಪುಷ್ಪದ ಹಾಗೆ ಗಾಢ ನೀಲಿ. "ಹಾಲೆಂಡ್ ಗಡ್ಡೆ, 12ರ ಕಾಂಬೋ 2,400, ಇವತ್ತು ಬುಕ್ ಮಾಡಿದವರಿಗೆ ಟ್ಯುಲಿಪ್ ಗಡ್ಡೆ ಫ್ರೀ" ಅಂತ ಕೆಳಗೆ ಬರೆದಿತ್ತು. ಆ ಗ್ರೂಪಿನಲ್ಲಿ ಇರುವವರೆಲ್ಲ ನಮ್ಮಂಥವರೇ. ಒಬ್ಬರಾದ ಮೇಲೆ ಒಬ್ಬರು "ನನಗೂ ಬೇಕು, ನನಗೂ ಬೇಕು" ಅಂತ ಹಾಕ್ತಿದ್ರು. ನಾನು ಫೋನ್‌ಪೇ ಮಾಡಿದೆ. ನಮ್ಮ ಸಂಘದ ಇಬ್ಬರು ನನ್ನ ಮಾತಿನ ಮೇಲೆ ತಾವೂ ದುಡ್ಡು ಕೊಟ್ಟು ತರಿಸಿದರು. ಅವರ ಎದುರಿಗೆ ನಿಂತು ಮಾತಾಡೋಕೆ ಈಗ ನನಗೆ ಎಷ್ಟು ಮುಜುಗರ ಆಗುತ್ತದೆ ಅನ್ನೋದು ನನಗೇ ಗೊತ್ತು.

ನಮ್ಮ ಕಡೆ ಡೇರೆ ದುಡ್ಡು ಕೊಟ್ಟು ತರುವ ವಸ್ತುವೇ ಆಗಿರಲಿಲ್ಲ ಅಲ್ವಾ. "ನಿಮ್ಮನೆ ಕೆಂಪು ಕೊಡಿ, ನಮ್ಮನೆ ಬಿಳಿ ಕೊಡ್ತೀನಿ" ಅಂತ ಮದುವೆ ಮನೆಯಲ್ಲಿ ಮಾತಾಗೋದು, ಅಲ್ಲಿಂದ ಬರುವಾಗ ಪೇಪರಲ್ಲಿ ಸುತ್ತಿದ ಒಂದು ಗಡ್ಡೆ ಬ್ಯಾಗಿಗೆ ಬೀಳೋದು. ಕೊಟ್ಟವರಿಗೂ ಖುಷಿ, ತಂದವರಿಗೂ ಖುಷಿ. ಗಡ್ಡೆ ಕೊಡುವಾಗ ಯಾರೂ ಮೋಸ ಮಾಡುವುದಿಲ್ಲ. ಮಾಡಿದರೆ ಮುಂದಿನ ಮಳೆಗಾಲಕ್ಕೆ ಗೊತ್ತಾಗಿಬಿಡುತ್ತದೆ. ಈ ನಂಬಿಕೆಯನ್ನೇ ಇವರು ಬಂಡವಾಳ ಮಾಡಿಕೊಂಡಿರುವುದು.

ಪಾರ್ಸೆಲ್ ನಮ್ಮ ಮನೆ ತನಕ ಬರುವುದಿಲ್ಲ, ಕೊಪ್ಪಕ್ಕೆ ಹೋಗಿ ತರಬೇಕು. ತಂದು ಬಿಚ್ಚಿದರೆ ಗಡ್ಡೆ ನೋಡಲು ಚೆನ್ನಾಗಿಯೇ ಇತ್ತು. ದಪ್ಪ, ಗಟ್ಟಿ, ಸಿಪ್ಪೆ ಸುಕ್ಕಿಲ್ಲ. ಒಂದೊಂದೇ ಬಿಡಿ ಬಿಡಿ ಗಡ್ಡೆ. ಪ್ರತಿಯೊಂದರ ಕತ್ತಿಗೂ, ಅಂದರೆ ಕಾಂಡಕ್ಕೆ ಕೂಡಿಕೊಳ್ಳುವ ತುದಿಗೂ, ಕೆಂಪು ಪುಡಿ ದಪ್ಪಗೆ ಮೆತ್ತಿದ್ದರು. "ಫಂಗಸ್ ಬರದ ಹಾಗೆ ಔಷಧಿ, ತೊಳೀಬೇಡಿ, ಹಾಗೇ ನೆಡಿ" ಅಂತ ಒಂದು ಚೀಟಿ. ತೊಳೀಬೇಡಿ ಅಂತ ಯಾಕೆ ಹೇಳಿದ್ದರು ಅನ್ನೋದು ಆಮೇಲೆ ಗೊತ್ತಾಯಿತು. ನಾನು ಫೋಟೋ ತೆಗೆದಿಟ್ಟುಕೊಂಡಿದ್ದೆ, ಅದು ಈಗ ಉಪಯೋಗಕ್ಕೆ ಬಂತು.

ರೋಹಿಣಿ ಮಳೆ ಬಿದ್ದ ಮೇಲೆ ಕೊಟ್ಟೆಗಳಿಗೆ (ಗಿಡ ನೆಡುವ ಚೀಲಗಳಿಗೆ) ಹಾಕಿದೆ. ಕಾಡು ಮಣ್ಣು, ಹಳೇ ಸಗಣಿ ಗೊಬ್ಬರ, ನೀರು ನಿಲ್ಲದಿರಲಿ ಅಂತ ಮರಳು, ಒಂದು ಹಿಡಿ ಒಲೆ ಬೂದಿ. ಮಳೆ ಹೊಡೆಯದ ಹಾಗೆ ಮಾಡಿನ ಕೆಳಗೆ ಸಾಲಾಗಿ ಇಟ್ಟೆ. ಪಕ್ಕದಲ್ಲೇ ನಮ್ಮ ಮನೆಯ ಹಳೇ ಡೇರೆ ಗಡ್ಡೆಗಳನ್ನೂ ಅದೇ ಮಣ್ಣಿನಲ್ಲಿ, ಅದೇ ದಿನ ಹಾಕಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ. ಅದೇ ಮಣ್ಣು, ಅದೇ ದಿನ, ಅದೇ ನೀರು. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ನಮ್ಮನೆ ಗಡ್ಡೆಗಳೆಲ್ಲ ಕೆಂಪು ಮೊಳಕೆ ಒಡೆದು ಮೇಲೆ ಬಂದವು. ಹಾಲೆಂಡಿನದು ಒಂದೇ ಒಂದು ಚಿಗುರಿತು. ಉಳಿದ ಹನ್ನೊಂದು ಕೊಟ್ಟೆಗಳಲ್ಲಿ ಬರೀ ಮಣ್ಣು.

ಪಕ್ಕದ ಮನೆ ದೊಡ್ಡಮ್ಮ ಬಂದಿದ್ದರು. ಅವರ ಎದುರಿಗೇ ಒಂದು ಕೊಟ್ಟೆ ಸುರಿದೆ. ಗಡ್ಡೆ ಇನ್ನೂ ಗಟ್ಟಿಯಾಗಿಯೇ ಇತ್ತು. ಕೆಳಗೆ ಬಿಳಿ ಬೇರು ಕೂಡ ಬಂದಿತ್ತು. ನನಗೆ ಆಸೆ ಬಂತು, ಇನ್ನೇನು ಚಿಗುರುತ್ತದೆ ಅಂದುಕೊಂಡೆ. ದೊಡ್ಡಮ್ಮ ಅದನ್ನು ತೆಗೆದುಕೊಂಡು ಬಾನಿ ನೀರಿಗೆ ಅದ್ದಿ, ಆ ಕೆಂಪು ಪುಡಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಪುಡಿ ಹೋದ ಮೇಲೆ ಕೆಳಗೆ ಚಾಕುವಿನಲ್ಲಿ ನುಣ್ಣಗೆ ಕತ್ತರಿಸಿದ ಗುರುತು. ಕತ್ತಿನ ಮೇಲೆ ಇರಬೇಕಾದ ಕಾಂಡದ ಚೂರೇ ಇಲ್ಲ.

"ಇದಕ್ಕೆ ಕಣ್ಣೇ ಇಲ್ವಲ್ಲೇ ಮಾರಾಯ್ತಿ. ಇದು ಜನ್ಮದಲ್ಲಿ ಚಿಗುರಲ್ಲ" ಅಂದರು. ಕಣ್ಣು ಅಂದರೆ ಚಿಗುರು ಒಡೆಯುವ ಜಾಗ.

ನನಗೆ ಒಂದು ಕ್ಷಣ ಬಾಯಿ ಕಟ್ಟಿಹೋಯಿತು. ಒಂದೊಂದೇ ಕೊಟ್ಟೆ ಸುರಿದೆವು. ಒಂದೊಂದೇ ತೊಳೆದೆವು. ಕೆಲವು ಒಳಗೇ ಕೊಳೆತು ಹಿಸುಕಿದರೆ ಕೈಗೆ ನೀರು ಬಂತು. ಉಳಿದವು ಗಟ್ಟಿ, ಆದರೆ ಎಲ್ಲದರ ಕತ್ತೂ ಹಾಗೇ ಕತ್ತರಿಸಿದ್ದು. ಬೆಳೆದವರಿಗೆಲ್ಲ ಗೊತ್ತು, ಡೇರೆ ಗಡ್ಡೆ ಆಲೂಗಡ್ಡೆ ಹಾಗಲ್ಲ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಕಣ್ಣಿರುವುದು ಹಳೇ ಕಾಂಡಕ್ಕೆ ಗಡ್ಡೆ ಕೂಡಿಕೊಳ್ಳುವ ಆ ಬುಡದಲ್ಲಿ ಮಾತ್ರ. ಆ ಬುಡದ ಚೂರು ಇಲ್ಲದಿದ್ದರೆ ಗಡ್ಡೆ ಎಷ್ಟೇ ದಪ್ಪ ಇದ್ದರೂ ಬೇರು ಬಿಡಬಹುದು, ಚಿಗುರಂತೂ ಬರುವುದೇ ಇಲ್ಲ. ಅಂದರೆ ಇವರು ಕಣ್ಣಿರುವ ಭಾಗವನ್ನು ತಾವಿಟ್ಟುಕೊಂಡು, ಬಿಸಾಡುವ ಗಡ್ಡೆಗೆ ಬಣ್ಣದ ಪುಡಿ ಮೆತ್ತಿ ನಮಗೆ 200 ರೂಪಾಯಿಗೆ ಒಂದರಂತೆ ಮಾರಿದ್ದಾರೆ. ಗೊತ್ತಿಲ್ಲದೆ ಆದದ್ದಲ್ಲ ಇದು. ಗೊತ್ತಿದ್ದೇ ಮಾಡಿದ್ದು.

ಫೋಟೋ ಹಾಕಿ ಕೇಳಿದೆ. ಮೊದಲನೇ ಉತ್ತರ: "ತಾಳ್ಮೆ ಇರಲಿ ಮೇಡಂ, ಇಂಪೋರ್ಟೆಡ್ ಗಡ್ಡೆ, ಲೇಟಾಗಿ ಏಳುತ್ತೆ." ಕಣ್ಣೇ ಇಲ್ಲದ್ದು ಎಲ್ಲಿಂದ ಏಳುತ್ತದೆ ಅಂತ ಕೇಳಿದೆ. "ನಿಮ್ಮ ಕಡೆ ಮಳೆ ಜಾಸ್ತಿ, ಕಣ್ಣು ಕೊಳೆತು ಹೋಗಿರ್ಬೇಕು." ಚಾಕು ಗುರುತಿನ ಫೋಟೋ ಹಾಕಿದೆ. "ಅನ್‌ಬಾಕ್ಸಿಂಗ್ ವಿಡಿಯೋ ಇದ್ಯಾ? ಇಲ್ಲ ಅಂದ್ರೆ ರೀಪ್ಲೇಸ್‌ಮೆಂಟ್ ಇಲ್ಲ, ಪಾಲಿಸಿ." ದುಡ್ಡು ತೆಗೆದುಕೊಳ್ಳುವಾಗ ಈ ಪಾಲಿಸಿ ಎಲ್ಲಿತ್ತು? ಒಂದು ಮಾತು ಹೇಳಿರಲಿಲ್ಲ. "ನಮ್ಮ ಹತ್ರ ಫಂಗಿಸೈಡ್ ಇದೆ, 350 ರೂಪಾಯಿ, ಹಾಕಿ ನೋಡಿ" ಅಂತ ಅದರ ಮೇಲೆ ಇನ್ನೊಂದು ವ್ಯಾಪಾರ.

ಆಮೇಲೆ ಬಂತು ನೋಡಿ ಒಂದು ವಾಯ್ಸ್ ಮೆಸೇಜ್. "ಬೇರೆ ಎಲ್ಲಾ ಕಸ್ಟಮರ್‌ಗೂ ಬಂದಿದೆ ಮೇಡಂ. ಗಿಡ ಬೆಳೆಸೋಕೆ ಕೈಗುಣ ಬೇಕು."

ಕೈಗುಣ! ನಮ್ಮತ್ತೆ ಮದುವೆಯಾಗಿ ಬಂದಾಗ ತವರಿನಿಂದ ತಂದ ಡೇರೆ ಇವತ್ತಿಗೂ ನಮ್ಮ ಅಂಗಳದಲ್ಲಿ ಇದೆ. ಅವರ ನಂತರ ಅದನ್ನು ವರ್ಷ ವರ್ಷ ಕಿತ್ತು, ಬೂದಿಯಲ್ಲಿ ಇಟ್ಟು, ಮತ್ತೆ ನೆಟ್ಟು ಉಳಿಸಿಕೊಂಡು ಬಂದವಳು ನಾನು. ಅಂಥವಳಿಗೆ ಕೈಗುಣ ಇಲ್ಲ ಅಂತ ಹೇಳುತ್ತಾರೆ, ಕಣ್ಣು ಕತ್ತರಿಸಿದ ಗಡ್ಡೆ ಮಾರಿದವರು. ಆ ಮೆಸೇಜ್ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ದುಡ್ಡಿಗಿಂತ ಆ ಮಾತು ಜಾಸ್ತಿ ಚುಚ್ಚಿತು. ಈಗಲೂ ಚುಚ್ಚುತ್ತಿದೆ.

ನಾನು ದುಡ್ಡು ವಾಪಸ್ ಕೊಡಿ ಅಂತ ಪಟ್ಟು ಹಿಡಿದೆ. "ಬೇಕಿದ್ರೆ ಇನ್ನೊಂದು ಬ್ಯಾಚ್ ಹಾಫ್ ರೇಟಿಗೆ ಕಳಿಸ್ತೀನಿ, ಕೊರಿಯರ್ ಚಾರ್ಜ್ ನಿಮ್ಮದು" ಅಂದರು. ಬೇಡ ಅಂದೆ. ಮಾರನೇ ದಿನ ಅವರ ಫೋಟೋ ಕಾಣಲಿಲ್ಲ. ಬ್ಲಾಕ್. ಗ್ರೂಪಿನಲ್ಲಿ ಬರೆದೆ. ಅಡ್ಮಿನ್ "ನೆಗೆಟಿವ್ ಬೇಡ ಅಕ್ಕಾ, ಪರ್ಸನಲ್ ಆಗಿ ಬಗೆಹರಿಸಿಕೊಳ್ಳಿ" ಅಂತ ಮೆಸೇಜ್ ಅಳಿಸಿ ನನ್ನನ್ನೇ ಹೊರಗೆ ಹಾಕಿದರು. ಹಾಗಾದರೆ ಅಡ್ಮಿನ್‌ಗೂ ಇದರಲ್ಲಿ ಪಾಲು ಇದೆಯಾ? ನೀವೇ ಯೋಚಿಸಿ.

ಚಿಗುರಿದ ಆ ಒಂದೇ ಗಿಡ ಗೌರಿ ಹಬ್ಬಕ್ಕೆ ಹೂವು ಬಿಟ್ಟಿತು. ನೀಲಿಯಲ್ಲ. ಈ ಕಡೆ ಎಲ್ಲರ ಅಂಗಳದಲ್ಲೂ ಇರುವ ಸಾದಾ ನೇರಳೆ ಗುಲಾಬಿ ಬಣ್ಣ. ಮೂಡಿಗೆರೆ ತೋಟಗಾರಿಕೆ ಕಾಲೇಜಿನಲ್ಲಿ ಓದುವ ನಮ್ಮ ನೆಂಟರ ಹುಡುಗಿಗೆ ಫೋಟೋ ಕಳಿಸಿದೆ. "ಚಿಕ್ಕಮ್ಮಾ, ಡೇರೆಯಲ್ಲಿ ನಿಜವಾದ ನೀಲಿ ಬರಲ್ಲ. ನೀಲಿ ಕೊಡುವ ಡೆಲ್ಫಿನಿಡಿನ್ ಅನ್ನೋ ಅಂಶ ಆ ಗಿಡದಲ್ಲಿ ತಯಾರಾಗಲ್ಲ. ಆ ಫೋಟೋಗೆ ಬಣ್ಣ ಹಾಕಿರೋದು" ಅಂದಳು. ಬಿಳಿ, ಹಳದಿ, ಕೇಸರಿ, ಕೆಂಪು, ಕಪ್ಪು ಅನ್ನಿಸುವಷ್ಟು ಗಾಢ ಕೆಂಪು, ನೇರಳೆ ಎಲ್ಲ ಉಂಟು. ನೀಲಿ ಇಲ್ಲ. ನೀಲಿ ಡೇರೆ ಅಂತ ಯಾರು ಮಾರಿದರೂ ಅದು ಸುಳ್ಳು. ಹಾಲೆಂಡ್ ಗಡ್ಡೆಗೆ ನಿಮ್ಮ ಹವೆ ಆಗಲ್ಲ ಅಂತ ನೆಪ ಹೇಳಿದರೂ ನಂಬಬೇಡಿ. ಡೇರೆ ಮೂಲದಲ್ಲಿ ಮೆಕ್ಸಿಕೋದ ಬೆಟ್ಟದ ಹೂವು. ನಮ್ಮ ತಂಪು ಹವೆಗೆ ಅದು ಎಷ್ಟು ಚೆನ್ನಾಗಿ ಒಗ್ಗಿದೆ ಅಂತ ಯಾವ ಮನೆ ಅಂಗಳ ನೋಡಿದರೂ ಗೊತ್ತಾಗುತ್ತದೆ.

ಫ್ರೀ ಟ್ಯುಲಿಪ್ ಕಥೆಯೂ ಕೇಳಿ. ಸಣ್ಣ ಈರುಳ್ಳಿಯಷ್ಟು ಗಡ್ಡೆಗಳು. ಮಳೆ ಬಿದ್ದದ್ದೇ ಹುಲ್ಲಿನಂಥ ಎಲೆ ಬಂದು ಗುಲಾಬಿ ಹೂವು ಅರಳಿತು. ಮಳೆ ಲಿಲ್ಲಿ! ನಮ್ಮ ಬೇಲಿ ಬುಡದಲ್ಲಿ ಕಿತ್ತರೂ ಹೋಗದೆ ಬೆಳೆಯುವುದು. ಟ್ಯುಲಿಪ್ ಗಡ್ಡೆಗೆ ಹೂವು ಬಿಡಲು 12ರಿಂದ 16 ವಾರ ಫ್ರಿಜ್ಜಿನಂಥ ಚಳಿ ಬೇಕು. ಚಿಕ್ಕಮಗಳೂರಿನ ಚಳಿಗಾಲ ಅದಕ್ಕೆ ಏನೇನೂ ಸಾಲದು. ಶ್ರೀನಗರದ ಆ ದೊಡ್ಡ ಟ್ಯುಲಿಪ್ ತೋಟದಲ್ಲೇ ಹೂವು ಇರುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ತನಕ, ಕೆಲವೇ ವಾರ. ಇಲ್ಲಿ ಅಂಗಳದಲ್ಲಿ ನೆಡಿ, ವರ್ಷ ವರ್ಷ ಹೂವು ಬಿಡುತ್ತೆ ಅಂತ ಹೇಳುವವರು ಬಾಯಿಗೆ ಬಂದದ್ದು ಹೇಳ್ತಿದ್ದಾರೆ ಅಷ್ಟೇ.

ಗಡ್ಡೆ ತರಿಸಲೇಬೇಕು ಅಂದರೆ ಮೊದಲು ವಿಡಿಯೋ ಕಾಲ್ ಮಾಡಿ ಗಡ್ಡೆಯ ಕತ್ತು ತೋರಿಸಿ ಅನ್ನಿ. ಹೋದ ವರ್ಷದ ಕಾಂಡದ ಚೂರು ಅದಕ್ಕೆ ಅಂಟಿಕೊಂಡಿರಬೇಕು. ಏಪ್ರಿಲ್, ಮೇ ಹೊತ್ತಿಗೆ ಕಣ್ಣು ಉಬ್ಬಿ ಬರಿಗಣ್ಣಿಗೇ ಕಾಣುತ್ತದೆ. ತೋರಿಸಲ್ಲ ಅಂದರೆ ಅಲ್ಲಿಗೇ ಬಿಡಿ. ಪುಡಿ ಮೆತ್ತಿದ್ದು ಬಂದರೆ ಅವರು ಏನೇ ಹೇಳಲಿ, ಮೊದಲು ತೊಳೆದು ನೋಡಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ, ಇಂಥವರ ಬಾಯಿ ಮುಚ್ಚಿಸೋಕೆ ಅದೊಂದು ಬೇಕು. ಅದಕ್ಕಿಂತ ನಿಮ್ಮ ಓಣಿಯಲ್ಲೇ ಕೇಳಿ, ಸುಮ್ನೆ ಕೊಡುವವರು ಇದ್ದಾರೆ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಆನ್‌ಲೈನ್ ವಂಚನೆಗೆ 1930 ಇದೆ, ಅಲ್ಲಿಗೂ ಹೇಳಿದ್ದೇನೆ. ದೋಷ ಇರುವ ಮಾಲು ವಾಪಸ್ ತೆಗೆದುಕೊಳ್ಳಲ್ಲ ಅಂತ ಆನ್‌ಲೈನ್‌ನಲ್ಲಿ ಮಾರುವವರು ಹೇಳುವ ಹಾಗಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. ಅವರ "ಪಾಲಿಸಿ" ಅದಕ್ಕಿಂತ ದೊಡ್ಡದಲ್ಲ. ಕೆಂಪು ಪುಡಿ ಮೆತ್ತಿದ ಬಿಡಿ ಗಡ್ಡೆ ಬಂದವರು ಇನ್ನೂ ಯಾರಾದರೂ ಇದ್ದರೆ ಗಡ್ಡೆ ಬಿಸಾಡಬೇಡಿ. ಫೋಟೋ, ದುಡ್ಡು ಹಾಕಿದ ಸ್ಕ್ರೀನ್‌ಶಾಟ್, ಅವರ ಮೆಸೇಜು ಎಲ್ಲ ಇಟ್ಟುಕೊಂಡು ನನಗೆ ಇನ್‌ಬಾಕ್ಸ್ ಮಾಡಿ. ಸಂಘದ ಇಬ್ಬರು ಈಗಾಗಲೇ ಸೇರಿದ್ದಾರೆ. ಒಟ್ಟಿಗೆ ಚಿಕ್ಕಮಗಳೂರಿನ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ.