ಒಂದೇ ಕಡತ, ನಾಲ್ಕು ರೀಡರ್: ಗೂಗಲ್ ರೀಡರ್ ಹೋದ ಮೇಲಿನ ಹುಡುಕಾಟ

ಮನೆ ಖಾಲಿ ಮಾಡಿ ಎಂದವರು ಮೂರೂವರೆ ತಿಂಗಳ ಗಡುವನ್ನಾದರೂ ಕೊಟ್ಟಿದ್ದರು. 2013ರ ಮಾರ್ಚ್ 13ರಂದು ಗೂಗಲ್ ಪ್ರಕಟಿಸಿದ ಮುಚ್ಚುವ ಸೇವೆಗಳ ಪಟ್ಟಿಯಲ್ಲಿ, ನಮಗೆ ಬೇಕಾದ ತಾಣಗಳ ಹೊಸ ಬರಹಗಳನ್ನೆಲ್ಲ ಒಂದೇ ಕಡೆ ತಂದು ಓದಿಸುತ್ತಿದ್ದ ರೀಡರ್ ಹೆಸರೂ ಇತ್ತು. ಬಳಸುವವರು ಕಡಿಮೆಯಾಗಿದ್ದಾರೆ, ಜುಲೈ 1ಕ್ಕೆ ಬಾಗಿಲು ಎಂದರು. ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಕಾಫಿ ಲೋಟ ಪಕ್ಕದಲ್ಲಿಟ್ಟು ರೀಡರ್ ತೆರೆದಾಗ ಎದುರಾದ ಪುಟ್ಟ ಸೂಚನೆಯಿಂದ. ಅಂದು ಬೆಳಿಗ್ಗೆ ನಾನು ಓದಿದ್ದೆಲ್ಲ ಶೋಕಗೀತೆಗಳೇ. ಉಳಿಸಿಕೊಳ್ಳಿ ಎಂಬ ಮನವಿಗೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 'ಟ್ವಿಟರ್ ಇರುವಾಗ ಇದೆಲ್ಲ ಯಾಕೆ' ಎಂದವರೂ ಇದ್ದರು. ನಾನೂ ಸಹಿ ಹಾಕಿದೆ, ಆಗುವುದಿಲ್ಲ ಎಂದು ಗೊತ್ತಿದ್ದೂ. 2011ರಲ್ಲಿ ಅದರೊಳಗಿನ ಹಂಚಿಕೆಯ ಸೌಲಭ್ಯವನ್ನು ಕಿತ್ತು ಎಲ್ಲರನ್ನೂ ಗೂಗಲ್ ಪ್ಲಸ್ ಎಂಬ ತಮ್ಮ ಸಾಮಾಜಿಕ ಜಾಲತಾಣದ ಕಡೆಗೆ ಅಟ್ಟಿದಾಗಲೇ ಗೋಡೆ ಬಿರುಕು ಬಿಟ್ಟಿತ್ತು.

ಕರಡು ತಿದ್ದುವುದು ನನ್ನ ಕಸುಬು. ದಿನವಿಡೀ ಬೇರೆಯವರ ವಾಕ್ಯಗಳ ಜೊತೆ ಗುದ್ದಾಡುವವನಿಗೆ ಬೆಳಗಿನ ಅರ್ಧ ಗಂಟೆ ಇಷ್ಟಪಟ್ಟು ಓದುವ ಹೊತ್ತು. ನನ್ನ ಪಟ್ಟಿಯಲ್ಲಿ 186 ಫೀಡುಗಳಿದ್ದವು (ಫೀಡು ಎಂದರೆ ತಾಣವೊಂದು ತನ್ನ ಹೊಸ ಬರಹಗಳನ್ನು ರೀಡರಿಗೆ ಒದಗಿಸುವ ಸಾಲು), ಅರವತ್ತಕ್ಕೂ ಹೆಚ್ಚು ಕನ್ನಡ ಬ್ಲಾಗುಗಳು. 'ಸಂಪದ', 'ಅವಧಿ'ಯಂಥ ತಾಣಗಳು ಬಿಡುವಿಲ್ಲದೆ ಬರೆಸುತ್ತಿದ್ದವು. ಉಳಿದವರಲ್ಲಿ ಹೆಚ್ಚಿನವರು ವರ್ಷಕ್ಕೆ ಎರಡು ಸಲ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಎಂಬಂತೆ ಬರೆಯುವವರು. ಅಂಥವರು ಬರೆದಾಗ ತಪ್ಪಿಹೋಗಬಾರದು ಎಂದೇ ನಾನು ರೀಡರ್ ಸೇರಿದ್ದು. ಹಾಗಾಗಿ ನನ್ನ ಹೋಲಿಕೆಯಲ್ಲಿ ಅಂದಚಂದಕ್ಕೆ ಅಂಕ ಕಡಿಮೆ.

ನಮ್ಮ ಮಾಹಿತಿಯನ್ನು ನಮಗೇ ಕಟ್ಟಿಕೊಡುವ ಗೂಗಲ್ ಟೇಕ್‌ಔಟ್‌ನಿಂದ ಚಂದಾಪಟ್ಟಿಯ, ಅಂದರೆ ನಾನು ಓದುವ ಫೀಡುಗಳ ಪಟ್ಟಿಯ, ಕಡತವನ್ನು ಇಳಿಸಿಕೊಂಡು ಅದೊಂದನ್ನೇ ಬೇಕಾದ ಕಡೆಗೆಲ್ಲ ಹಾಕಿ, ಒಂದೊಂದರಲ್ಲಿ ಹತ್ತು ದಿನ ಓದಿದೆ.

ಮೊದಲು ಫೀಡ್ಲಿ, ಊರಿಗೆ ಊರೇ ಅತ್ತ ಹೊರಟಿತ್ತಲ್ಲ. ಘೋಷಣೆಯಾದ 48 ಗಂಟೆಗಳಲ್ಲಿ ಐದು ಲಕ್ಷ ಹೊಸಬರು ಬಂದರೆಂದು ಅವರೇ ಹೇಳಿಕೊಂಡರು. ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಗೂಗಲ್ ಖಾತೆಯಿಂದ ಒಳಹೊಕ್ಕರೆ ಸಾಕು, ಫೋಲ್ಡರುಗಳು, ನಕ್ಷತ್ರ ಹಾಕಿಟ್ಟ ಬರಹಗಳು, ಎಲ್ಲಿಯವರೆಗೆ ಓದಿದ್ದೆ ಎಂಬ ಗುರುತು ಎಲ್ಲವೂ ಇದ್ದಲ್ಲೇ ಇದ್ದವು. ನನ್ನ ಕಡತ ಬೇಕಾಗಲೇ ಇಲ್ಲ. ಆಗ ಅದು ಓಡುತ್ತಿದ್ದದ್ದೇ ರೀಡರಿನ ಬೆನ್ನ ಮೇಲೆ. ಜೂನ್‌ನಲ್ಲಿ ಸ್ವಂತ ಸರ್ವರುಗಳಿಗೆ ಬದಲಾದಾಗಲೂ ನನಗೆ ಕುಲುಕಾಟ ತಿಳಿಯಲಿಲ್ಲ. ಜೆ ಕೀಲಿ ಒತ್ತಿದರೆ ಮುಂದಿನದು, ಕೆ ಒತ್ತಿದರೆ ಹಿಂದಿನದು ಎಂಬ ಬೆರಳಿನ ಅಭ್ಯಾಸವನ್ನೂ ಬಿಡಬೇಕಾಗಲಿಲ್ಲ. ತೆರೆದೊಡನೆ ಚಿತ್ರಗಳ ಪತ್ರಿಕೆಯಂತೆ ಕಾಣುತ್ತಿತ್ತು. ನಮ್ಮ ಬ್ಲಾಗುಗಳಲ್ಲಿ ಚಿತ್ರ ಅಪರೂಪ, ಹಾಗಾಗಿ ಬರೀ ಶೀರ್ಷಿಕೆಗಳ ನೋಟಕ್ಕೆ ಬದಲಿಸಿಕೊಂಡೆ. ನಲವತ್ತು ಸುದ್ದಿತಾಣಗಳನ್ನು ಬೇಗಬೇಗ ಕಣ್ಣಾಡಿಸಬೇಕಾದವರಿಗೆ ಇವತ್ತಿಗೂ ನಾನು ಹೇಳುವುದು ಇದನ್ನೇ. ನನ್ನದು ಮಾತ್ರ ಆ ಜಾತಿಯ ಓದಲ್ಲ.

'ದಿ ಓಲ್ಡ್ ರೀಡರ್' ತೆರೆದಾಗ ಮನೆಗೆ ಬಂದಂತಾಯಿತು. 2011ಕ್ಕೆ ಮುಂಚಿನ ಗೂಗಲ್ ರೀಡರಿನ ಪಡಿಯಚ್ಚು, ಕಿತ್ತುಹಾಕಿದ್ದ ಹಂಚಿಕೆಯೂ ಸೇರಿದಂತೆ. ಬಿಡುವಿನ ವೇಳೆಯಲ್ಲಿ ಕೆಲವೇ ಮಂದಿ ಕಟ್ಟಿದ್ದ ತಾಣ ಅದು, ಮದುವೆಮನೆಗೆ ಕರೆಯದವರೂ ಬಂದು ಕುಳಿತಂತಾಯಿತು ಅವರ ಸ್ಥಿತಿ. ಜುಲೈ ಕೊನೆಗೆ, ಮಾರ್ಚ್ 13ಕ್ಕೆ ಮುಂಚೆ ಸೇರಿದವರನ್ನು ಮಾತ್ರ ಉಳಿಸಿಕೊಂಡು ಸಾರ್ವಜನಿಕರಿಗೆ ಬಾಗಿಲು ಹಾಕುತ್ತೇವೆ ಎಂದು ಬರೆದರು. ನಾನು ಆ ದಿನದ ನಂತರ ಬಂದ ನೆಂಟ. ಕೆಲವೇ ದಿನಗಳಲ್ಲಿ ಹೊಸ ಆಡಳಿತ ಸಿಕ್ಕಿ ಆ ತೀರ್ಮಾನ ರದ್ದಾಯಿತು, ತಾಣ ಈಗಲೂ ನಡೆಯುತ್ತಿದೆ. ಆ ಪತ್ರ ಓದಿ ಸಿಟ್ಟು ಬರಲಿಲ್ಲ, ಅಯ್ಯೋ ಪಾಪ ಅನ್ನಿಸಿತು. ಆದರೆ ಒಂದೇ ಬೇಸಿಗೆಯಲ್ಲಿ ಎರಡು ಸಲ ಗಂಟುಮೂಟೆ ಕಟ್ಟುವ ಶಕ್ತಿ ನನ್ನಲ್ಲಿರಲಿಲ್ಲ.

ಮೂರನೆಯದಕ್ಕೆ ಕಾಸು ಬಿಚ್ಚಬೇಕಿತ್ತು. ನ್ಯೂಸ್‌ಬ್ಲರ್ ಎಂಬುದು ಸ್ಯಾಮ್ಯುಯೆಲ್ ಕ್ಲೇ ಎಂಬ ಒಬ್ಬನೇ ನಡೆಸುತ್ತಿದ್ದ ಸೇವೆ. ಆಗ ಉಚಿತವಾದರೆ 64 ತಾಣ, ಅದಕ್ಕಿಂತ ಹೆಚ್ಚು ಬೇಕಾದರೆ ವರ್ಷಕ್ಕೆ 24 ಡಾಲರ್ ಇತ್ತು. ಮಾರ್ಚ್‌ನಲ್ಲಿ ಡಾಲರಿಗೆ 54 ರೂಪಾಯಿ, ಅಂದರೆ ಸುಮಾರು 1,300. ಬ್ಲಾಗು ಓದುವುದಕ್ಕೆ ದುಡ್ಡೇ ಎಂದು ಮೀನಮೇಷ ಎಣಿಸುತ್ತ ಕುಳಿತೆ. ಆಗಸ್ಟ್ ಕೊನೆಗೆ ಡಾಲರ್ 68 ಮುಟ್ಟಿದಾಗ ಅದೇ ಚಂದಾ 1,600 ದಾಟಿತ್ತು. ಜಿಪುಣತನಕ್ಕೆ ತೆತ್ತ ಬಡ್ಡಿ ಎಂದುಕೊಂಡು ಕಟ್ಟಿದೆ.

ಕಟ್ಟಿದ್ದು ಏಕೆಂದರೆ, ಅಲ್ಲಿ ಬರಹದ ಲೇಖಕರನ್ನೋ ವಿಷಯಸೂಚಿಯನ್ನೋ ಶೀರ್ಷಿಕೆಯ ಒಂದು ಪದವನ್ನೋ ಒತ್ತಿ 'ಬೇಕು', 'ಬೇಡ' ಎಂದು ಕಲಿಸಬಹುದು. ಬೇಕಾದದ್ದಕ್ಕೆ ಹಸಿರು ಚುಕ್ಕೆ, ಬೇಡವಾದದ್ದಕ್ಕೆ ಕೆಂಪು. ಹತ್ತಾರು ಮಂದಿ ಸೇರಿ ಬರೆಯುವ ಒಂದು ತಾಣದಲ್ಲಿ 'ರಾಜಕೀಯ'ಕ್ಕೆ ಕೆಂಪು, 'ಪುಸ್ತಕ'ಕ್ಕೆ ಹಸಿರು ಹಚ್ಚಿದೆ. ಕನ್ನಡ ಪದಗಳೆಂದು ತಕರಾರು ಮಾಡಲಿಲ್ಲ. ಇನ್ನೊಂದು ಸೊಗಸೆಂದರೆ, ಬ್ಲಾಗನ್ನು ಅದರ ಸ್ವಂತ ವೇಷದಲ್ಲೇ ನೋಡುವ ಅವಕಾಶ. ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ ಚೆಲ್ಲಿ ಕಣ್ಣು ಕುಕ್ಕಿಸುವ ಒಬ್ಬ ಮಹಾನುಭಾವರಿದ್ದಾರೆ, ಅವರ ಬರಹವನ್ನು ಬಿಳಿ ಪುಟದಲ್ಲಿ ಓದಿದರೆ ಅವರದೇ ಅನ್ನಿಸುವುದಿಲ್ಲ. ಮುಂದೆ, ಅಪರೂಪಕ್ಕೆ ಬರೆಯುವ ತಾಣಗಳ ಬರಹಗಳನ್ನಷ್ಟೇ ಒಂದೆಡೆ ತೋರಿಸುವ ಸೌಲಭ್ಯವೂ ಬಂತು. ನನಗಾಗಿಯೇ ಮಾಡಿದ್ದು ಎಂದು ನಾನು ನಂಬಿದ್ದೇನೆ, ಯಾರೂ ತಿದ್ದಬೇಡಿ.

ನಾಲ್ಕನೆಯದು ಸ್ವಂತ ಅಡುಗೆ: ಟೈನಿ ಟೈನಿ ಆರ್‌ಎಸ್‌ಎಸ್. ತಂತ್ರಾಂಶ ಉಚಿತ, ಸರ್ವರ್ ನಮ್ಮದಿರಬೇಕು. ಬಾಡಿಗೆಗೆ ಹಿಡಿದ ಜಾಗದಲ್ಲಿ ಒಂದು ಭಾನುವಾರವಿಡೀ ಕುಳಿತು ಅದನ್ನು ಹೂಡಿದೆ. ಸಂಜೆ ತೆರೆದರೆ ಇಂಗ್ಲಿಷ್ ಬರಹಗಳೆಲ್ಲ ಸರಿಯಾಗಿವೆ, ಕನ್ನಡದ ಶೀರ್ಷಿಕೆಗಳ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ! ದತ್ತಸಂಚಯ ರಚಿಸುವಾಗ ಅಕ್ಷರಗಳ ಬಗೆಯನ್ನು ಎಲ್ಲ ಲಿಪಿಗಳಿಗೂ ಒಗ್ಗುವ ಯುಟಿಎಫ್-8 ಎಂದು ಆರಿಸದೆ, ಕನ್ನಡ ಅರಿಯದ ಲ್ಯಾಟಿನ್ ಎಂದೇ ಬಿಟ್ಟಿದ್ದೆ, ತಪ್ಪು ನನ್ನದೇ. ಅಳಿಸಿ ಮೊದಲಿನಿಂದ ಮಾಡಿದೆ. ಬೇರೊಂದು ಸೇವೆಯಲ್ಲಿ, ಹೆಸರು ಬೇಡ, ಉದ್ದದ ಕನ್ನಡ ಶೀರ್ಷಿಕೆಗಳನ್ನು ಒತ್ತಕ್ಷರದ ನಡುವೆಯೇ ಕತ್ತರಿಸಿ ಕೊನೆಗೊಂದು ಕಪ್ಪು ವಜ್ರದಾಕಾರದ ಚಿಹ್ನೆ ಅಂಟಿಸುತ್ತಿದ್ದರು. ಎರಡೇ ದಿನಕ್ಕೆ ಅಲ್ಲಿಂದ ಎದ್ದು ಬಂದಿದ್ದೆ. ಅದಕ್ಕಿಂತ ಪ್ರಶ್ನಾರ್ಥಕ ಚಿಹ್ನೆಗಳೇ ವಾಸಿ, ಅವಕ್ಕಾದರೂ ನಾನೇ ಹೊಣೆ.

ಇಷ್ಟು ಕಷ್ಟಪಟ್ಟದ್ದು ಹಳೆಯ ಬರಹಗಳ ಆಸೆಗೆ. ಗೂಗಲ್ ರೀಡರ್ ಒಮ್ಮೆ ತಂದುಕೊಂಡ ಬರಹವನ್ನು ಬಿಸಾಡುತ್ತಿರಲಿಲ್ಲ. ಬ್ಲಾಗನ್ನೇ ಅಳಿಸಿ ಹೋದವರ ಬರಹಗಳೂ ಅದರ ಹೊಟ್ಟೆಯಲ್ಲಿ ಬೆಚ್ಚಗಿರುತ್ತಿದ್ದವು. ಹೊಸ ರೀಡರುಗಳಿಗೆ ಚಂದಾಪಟ್ಟಿ ಕೊಟ್ಟರೆ ಸಿಗುವುದು ಫೀಡಿನಲ್ಲಿ ಆ ಹೊತ್ತಿಗೆ ಇರುವಷ್ಟೇ: ಬ್ಲಾಗು ಗೂಗಲ್‌ನದೇ ಬ್ಲಾಗರ್ ಸೇವೆಯಲ್ಲಿದ್ದರೆ ಸಾಮಾನ್ಯವಾಗಿ ಕೊನೆಯ 25, ವರ್ಡ್‌ಪ್ರೆಸ್ ಆದರೆ ಹತ್ತು. ಬಣ್ಣ, ವೇಗ, ಗುಂಡಿಗಳ ಜಾಗ ಎಂದು ಜನ ಜಗಳವಾಡುತ್ತಿದ್ದಾಗ ನಿಜವಾಗಿ ಕಳೆದುಹೋದದ್ದು ಈ ಉಗ್ರಾಣ. ಸ್ವಂತ ಸರ್ವರಿನಲ್ಲಿ ಯಾವುದನ್ನೂ ಅಳಿಸಬೇಡ ಎಂದು ಹೇಳಿಡಬಹುದು, ಹೇಳಿಟ್ಟಿದ್ದೇನೆ. ಆದರೆ 2013ಕ್ಕೆ ಹಿಂದಿನದನ್ನು ಅದು ಎಲ್ಲಿಂದ ತರಬೇಕು?

ಡಿಗ್ ರೀಡರನ್ನು ನಾನು ಹೋಲಿಕೆಗೆ ಸೇರಿಸಿಲ್ಲ. 2013ರ ಜೂನ್ ಕೊನೆಗೆ ಅವಸರವಸರವಾಗಿ ಹುಟ್ಟಿದ ಅದನ್ನು ಎರಡು ದಿನ ನೋಡಿ ಚೊಕ್ಕವಾಗಿದೆ ಅಂದುಕೊಂಡಿದ್ದೆ. 2018ರ ಮಾರ್ಚ್‌ನಲ್ಲಿ ಅದೂ ಮುಚ್ಚಿತು.

ಈಗ ಓದುವುದು ನ್ಯೂಸ್‌ಬ್ಲರ್‌ನಲ್ಲಿ, ಕೂಡಿಡುವುದು ಸ್ವಂತ ಸರ್ವರಿನಲ್ಲಿ. ವರ್ಷಕ್ಕೊಮ್ಮೆ, ದೀಪಾವಳಿಗೆ ಅಟ್ಟ ಗುಡಿಸುವ ಹೊತ್ತಿಗೆ, ಚಂದಾಪಟ್ಟಿಯ ಕಡತವನ್ನು ಹೊಸದಾಗಿ ಇಳಿಸಿಟ್ಟುಕೊಳ್ಳುತ್ತೇನೆ. ಅದರ ಪಕ್ಕದಲ್ಲೇ ಇನ್ನೊಂದು ಹಳೆಯ ಕಡತವಿದೆ, ನಕ್ಷತ್ರ ಹಾಕಿದ್ದ ಬರಹಗಳನ್ನು ಟೇಕ್‌ಔಟ್ ಕಟ್ಟಿಕೊಟ್ಟದ್ದು. ಅದರಲ್ಲಿ, ಈಗ ಇಲ್ಲವಾಗಿರುವ ಒಂದು ಬ್ಲಾಗಿನಿಂದ, ಅಜ್ಜಿಯ ಮನೆಯ ಹಲಸಿನ ಕಡುಬಿನ ಬಗ್ಗೆ ಒಬ್ಬರು ಬರೆದ ಮೂರು ಪುಟಗಳಿವೆ. ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದು, ವಾಕ್ಯಗಳ ನಡುವೆ ಸಿಕ್ಕಿಕೊಂಡಿರುವ ಸಂಕೇತಗಳ ಮುಳ್ಳುಗಳನ್ನು ಸರಿಸುತ್ತ ಓದುತ್ತೇನೆ. ಕರಡು ತಿದ್ದುವವನಿಗೆ ಅದೇನು ಕಷ್ಟವಲ್ಲ.