ಹೈಪರ್ ಫೈಟಿಂಗೋ, ಸೂಪರ್ ಟರ್ಬೋನೋ?

ಇಬ್ಬರು ಎದುರುಬದುರಾಗಿ ಹೊಡೆದಾಡುವ ಆರ್ಕೇಡ್ ವಿಡಿಯೋ ಗೇಮ್ ಸ್ಟ್ರೀಟ್ ಫೈಟರ್ 2 (1991) ಆಡಲು ಕೊಟ್ಟದ್ದು ಎಂಟು ಪಾತ್ರ. ಮರುವರ್ಷ ಅದರ ಹೊಸ ಆವೃತ್ತಿ ಚಾಂಪಿಯನ್ ಎಡಿಷನ್ ನಾಲ್ವರು ಬಾಸ್‌ಗಳನ್ನೂ (ಕೊನೆಯ ಎದುರಾಳಿಗಳು) ಆಟಗಾರರ ಕೈಗಿತ್ತಿತು. ಈಗ ಕಲಿಯಹೊರಟವರಿಗೆ ಗೊಂದಲವಾಗುವುದು ನಂತರದ ಎರಡು ಆವೃತ್ತಿಗಳಲ್ಲಿ: ಹೈಪರ್ ಫೈಟಿಂಗೋ, ಸೂಪರ್ ಟರ್ಬೋನೋ ಎಂದು.

1992ರ ಹೈಪರ್ ಫೈಟಿಂಗ್‌ನಲ್ಲಿ ಅದೇ 12 ಮಂದಿ, ವೇಗ ಮಾತ್ರ ಹೆಚ್ಚು. ಚುನ್-ಲೀಗೆ ಬೆಂಕಿ ಉಂಡೆ, ಧಾಲ್ಸಿಮ್‌ಗೆ ಮಾಯವಾಗಿ ಬೇರೆಡೆ ಮೂಡುವ ವಿದ್ಯೆ ಬಂದದ್ದು ಇದರಲ್ಲೇ. ಸೂಪರ್ ಮೀಟರ್ (ಆಡುತ್ತಾ ತುಂಬುವ ಪಟ್ಟಿ; ತುಂಬಿದರೆ ‘ಸೂಪರ್’ ಎಂಬ ಭಾರೀ ಹೊಡೆತ) ಇಲ್ಲ. ಹಾಗಾಗಿ ಅಂತರ, ಜಿಗಿತ, ತಡೆ ಇಷ್ಟನ್ನೇ ಕಲಿತರೆ ಸಾಕು.

1994ರ ಸೂಪರ್ ಟರ್ಬೋದಲ್ಲಿ 16 ಪಾತ್ರ, ಜೊತೆಗೆ ಬಚ್ಚಿಟ್ಟ ಅಕುಮಾ. ಎದುರಾಳಿ ನಿಮ್ಮನ್ನು ಎತ್ತಿ ಎಸೆದಾಗ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿದರೆ ಪೆಟ್ಟು ಕಡಿಮೆ. ಇದರಲ್ಲಿ ಸೂಪರ್ ಮೀಟರ್ ಉಂಟು: ಅದು ತುಂಬಿದ ಮೇಲೆ ರ್ಯೂ ಎಂಬ ಪಾತ್ರದ ಸೂಪರ್‌ಗೆ ಕೋಲನ್ನು (ಜಾಯ್‌ಸ್ಟಿಕ್) ಕೆಳಗಿನಿಂದ ಮುಂದಕ್ಕೆ ಎರಡು ಸಲ ಹೊರಳಿಸಿ ಪಂಚ್ ಒತ್ತಬೇಕು. ಅವಸರದಲ್ಲಿ ಕೋಲು ಮೇಲಿನ ಮೂಲೆಗೆ ಜಾರಿತೋ, ಸೂಪರ್ ಬದಲು ಜಿಗಿತ! ಅದೂ ಎದುರಾಳಿಯ ಮುಷ್ಟಿಯ ಮೇಲಕ್ಕೇ. ಕಂಪ್ಯೂಟರ್ ಎದುರಾಳಿಯಂತೂ ಕರುಣೆಯಿಲ್ಲದ್ದು.

ಆರ್ಕೇಡ್ ಯಂತ್ರದೊಳಗಿನ ಅಸಲಿ ಸರ್ಕ್ಯೂಟ್ ಬೋರ್ಡ್ ಕೊಳ್ಳುವವರು ಗಮನಿಸಿ: ಸೂಪರ್ ಟರ್ಬೋದ ಸಿಪಿಎಸ್-2 ಎಂಬ ಬಗೆಯ ಬೋರ್ಡಿನಲ್ಲಿ ಗೂಢಲಿಪಿಯ ಕೀಲಿಯನ್ನು ಉಳಿಸಿಕೊಳ್ಳುವುದು ಒಂದು ಬ್ಯಾಟರಿ. ಅದು ಸತ್ತರೆ ಆಟ ಏಳುವುದೇ ಇಲ್ಲ. ಹೈಪರ್ ಫೈಟಿಂಗ್‌ನ ಸಿಪಿಎಸ್-1ಕ್ಕೆ ಆ ಕಾಟವಿಲ್ಲ. ಇಬ್ಬರೇ ಗೆಳೆಯರು ಸಂಜೆ ಆಡುವುದಾದರೆ ಹೈಪರ್ ಫೈಟಿಂಗ್. ಪಂದ್ಯಾವಳಿಯ ಆಸೆಯಿದ್ದರೆ ಸೂಪರ್ ಟರ್ಬೋ.